ಫೈಲ್ ಹೆಸರು ನಂಬ್ಬೇಡಿ, ಹ್ಯಾಶ್ ನೋಡಿ: ಆದ್ರೆ ಹ್ಯಾಶ್ ಎಷ್ಟು ಹೇಳತ್ತೆ, ಎಲ್ಲಿ ಸುಮ್ಮನಾಗತ್ತೆ?

2021ರ ಡಿಸೆಂಬರ್ 10ರ ಆಸುಪಾಸು ಜಾವಾ ಪ್ರಾಜೆಕ್ಟಲ್ಲಿ ಇದ್ದೋರಿಗೆ ಮರೆಯೋಕೆ ಸಾಧ್ಯ ಇಲ್ಲ. ಲಾಗ್4ಜೆ ಅನ್ನೋ, ಪ್ರೋಗ್ರಾಂನ ಆಗುಹೋಗು ಬರೆದಿಡೋ (ಲಾಗ್ ಮಾಡೋ) ಜಾವಾ ಲೈಬ್ರರಿಲಿ ಲಾಗ್4ಶೆಲ್ ಅಂತ ಹೆಸರು ಬಿದ್ದಿದ್ದ ತೂತು, ತೂತುಗಳ ಸಾರ್ವಜನಿಕ ಪಟ್ಟಿಲಿ ಅದರ ನಂಬರು ಸಿವಿಇ-2021-44228, ಅಪಾಯದ ಲೆಕ್ಕದಲ್ಲಿ ಹತ್ತಕ್ಕೆ ಹತ್ತು ಸ್ಕೋರು. ಹೊರಗಿಂದ ಯಾರಾದ್ರೂ ನಮ್ಮ ಲಾಗ್‌ಗೆ ಬೀಳೋ ಹಂಗೆ ಒಂದು ಸಾಲು ಕಳಿಸಿದ್ರೆ ಸಾಕು, ನಮ್ಮ ಸರ್ವರೇ ಅವರ ಸರ್ವರಿಂದ ಕೋಡ್ ತರಿಸ್ಕೊಂಡು ಓಡಿಸಿಬಿಡೋದು. ಆ ವಾರ ಬೆಂಗಳೂರಿನ ಸರ್ವೀಸ್ ಕಂಪನಿಗಳಿಗೆ ಕ್ಲೈಂಟ್ ಕಡೆಯಿಂದ ಬಂದ ಮೇಲ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇದ್ವು: ನೀವು ಕೊಟ್ಟಿರೋದ್ರಲ್ಲಿ ಲಾಗ್4ಜೆ ಇದ್ಯಾ, ಇದ್ರೆ ಯಾವ ವರ್ಷನ್, ಸಂಜೆ ಒಳಗೆ ತಿಳಿಸಿ.

ಕೇಳೋಕೆ ಸುಲಭದ ಪ್ರಶ್ನೆ ಅಲ್ವಾ. ಸರ್ವರ್‌ಗೆ ಹೋಗಿ ಲಾಗ್4ಜೆ-ಕೋರ್ ಅಂತ ಹೆಸರಿರೋ ಜಾರ್ ಫೈಲ್ (ಜಾವಾ ಕೋಡ್ ಕಟ್ಟಿಡೋ ಜಿಪ್ ಥರದ ಫೈಲ್) ಹುಡುಕಿದ್ರೆ ಆಯ್ತು, 2.14.1 ಅಂತ ಹೆಸರಲ್ಲೇ ಬರ್ದಿರತ್ತೆ, 2.15ಕ್ಕಿಂತ ಹಳೇದಾ ಹೊಸದಾ ನೋಡಿ ರಿಪ್ಲೈ ಹಾಕಿದ್ರೆ ಮುಗೀತು. ತುಂಬಾ ಜನ ಮೊದಲ ದಿನ ಮಾಡಿದ್ದೂ ಅದನ್ನೇ. ಆಮೇಲೆ ಗೊತ್ತಾಗಿದ್ದು ಏನಂದ್ರೆ ಹೆಸರು ಅನ್ನೋದು ಫೈಲ್‌ನ ಒಳಗೆ ಇರೋ ಗುಣ ಅಲ್ಲ, ಯಾರೋ ಹೊರಗಿಂದ ಅಂಟಿಸಿರೋ ಚೀಟಿ ಅಷ್ಟೇ. ಯಾರೋ ಒಬ್ಬ ಪುಣ್ಯಾತ್ಮ ವರ್ಷನ್ ನಂಬರ್ ತೆಗೆದು ಬರೀ ಲಾಗ್4ಜೆ.ಜಾರ್ ಅಂತ ಇಟ್ಟಿರ್ತಾನೆ, ಇನ್ಯಾವುದೋ ಪ್ರಾಡಕ್ಟಲ್ಲಿ ಆ ಜಾರ್ ವಾರ್ ಫೈಲ್ ಅನ್ನೋ ಇನ್ನೂ ದೊಡ್ಡ ಕಟ್ಟಿನ ಒಳಗೆ ಇರತ್ತೆ, ಆ ವಾರ್ ಇಯರ್ ಫೈಲ್ ಅನ್ನೋ ಅದಕ್ಕಿಂತ ದೊಡ್ಡ ಕಟ್ಟಿನ ಒಳಗೆ ಇರತ್ತೆ, ಡಿಸ್ಕಲ್ಲಿ ಹೆಸರು ಹುಡುಕಿದ್ರೆ ಒಂದೂ ಸಿಗಲ್ಲ, ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮೇವನ್ ಅನ್ನೋ ಜಾವಾ ಬಿಲ್ಡ್ ಟೂಲ್‌ನ ಶೇಡ್ ಪ್ಲಗಿನ್ ಹಾಕಿ ಎಲ್ಲಾ ಲೈಬ್ರರಿಗಳನ್ನೂ ಕಲಸಿ ಒಂದೇ ದಪ್ಪ ಜಾರ್ ಮಾಡಿದ್ರಂತೂ ಲಾಗ್4ಜೆ ಅನ್ನೋ ಫೈಲೇ ಇಲ್ಲ, ಅದರ ಕ್ಲಾಸ್‌ಗಳು (ಕಂಪೈಲ್ ಆದ ಕೋಡ್ ತುಣುಕುಗಳು) ಮಾತ್ರ ಒಳಗಡೆ ಚೆಲ್ಲಾಪಿಲ್ಲಿ.

ಇಲ್ಲಿ ಹ್ಯಾಶ್ ಕೆಲಸಕ್ಕೆ ಬಂತು. ಪೂರ್ತಿ ಅಲ್ಲ, ಅರ್ಧಂಬರ್ಧ, ಮತ್ತೆ ಆ ಅರ್ಧಂಬರ್ಧ ಯಾಕೆ ಅನ್ನೋದೇ ನನಗೆ ಇಡೀ ವಿಷಯದಲ್ಲಿ ಆಸಕ್ತಿ ಇರೋ ಜಾಗ.

ಹ್ಯಾಶ್ ಏನು ಅಂತ ಉದ್ದ ಎಳೆಯಲ್ಲ. ಫೈಲ್ ಎಷ್ಟೇ ದೊಡ್ಡದಿರ್ಲಿ ಅದರ ಎಲ್ಲಾ ಬೈಟ್‌ಗಳನ್ನೂ ಒಂದು ಲೆಕ್ಕಕ್ಕೆ ಹಾಕಿದ್ರೆ ಒಂದು ನಿಗದಿತ ಉದ್ದದ ಸಂಖ್ಯೆ ಬರತ್ತೆ. ಲೆಕ್ಕದ ವಿಧಾನಗಳು ಹಲವು, ಎಂಡಿ5, ಎಸ್‌ಎಚ್‌ಎ-1, ಎಸ್‌ಎಚ್‌ಎ-256 ಹಿಂಗೆ. ಎಸ್‌ಎಚ್‌ಎ-256 ಆದ್ರೆ 256 ಬಿಟ್, ಬರೆದ್ರೆ 64 ಅಕ್ಷರ. ಒಳಗೆ ಒಂದೇ ಒಂದು ಬಿಟ್ ಬದಲಾದ್ರೂ ಹೊರಗೆ ಬರೋ ಸಂಖ್ಯೆ ಗುರುತೇ ಸಿಗದಷ್ಟು ಬದಲಾಗತ್ತೆ. ಫೈಲ್ ಹೆಸರು, ಯಾವ ಫೋಲ್ಡರು, ಯಾವಾಗ ಡೌನ್‌ಲೋಡ್ ಆಯ್ತು, ಇದ್ಯಾವುದೂ ಲೆಕ್ಕಕ್ಕೆ ಬರಲ್ಲ, ಒಳಗಿರೋ ಬೈಟ್ ಮಾತ್ರ. ಲಿನಕ್ಸಲ್ಲಿ ಶಾ256ಸಮ್, ವಿಂಡೋಸಲ್ಲಿ ಸರ್ಟ್‌ಯುಟಿಲ್ ಇಲ್ಲಾ ಪವರ್‌ಶೆಲ್‌ನ ಗೆಟ್-ಫೈಲ್‌ಹ್ಯಾಶ್, ಒಂದು ಸಾಲಿನ ಕೆಲಸ. ಖಾಲಿ ಫೈಲ್‌ಗೂ ಒಂದು ಹ್ಯಾಶ್ ಇದೆ, ಎಸ್‌ಎಚ್‌ಎ-256ರಲ್ಲಿ ಅದು ಇ3ಬಿ0ಸಿ442 ಅಂತ ಶುರುವಾಗತ್ತೆ, ಎಂಡಿ5ರಲ್ಲಿ ಡಿ41ಡಿ8ಸಿಡಿ9 ಅಂತ. ರಿಪೋರ್ಟಲ್ಲಿ ಈ ಎರಡರಲ್ಲಿ ಒಂದು ಪದೇಪದೇ ಕಾಣಿಸ್ತಿದ್ರೆ ಆ ಫೈಲ್‌ಗಳು ನಿಜವಾಗ್ಲೂ ಖಾಲಿ ಅಲ್ಲದಿದ್ರೆ ಯಾರದ್ದೋ ಸ್ಕ್ರಿಪ್ಟು ಫೈಲ್ ಓದದೇನೇ ಹ್ಯಾಶ್ ಹಾಕಿದೆ ಅಂತ ಅರ್ಥ, ಇದು ನೀವಂದ್ಕೊಂಡಿದ್ದಕ್ಕಿಂತ ಜಾಸ್ತಿ ಸಲ ನಡೆಯತ್ತೆ.

ಸರಿ, ಲಾಗ್4ಜೆ ಕಥೆಗೆ ಬರೋಣ. ಜಾವಾ ಲೋಕದಲ್ಲಿ ಒಂದು ಅನುಕೂಲ ಇದೆ. ಮೇವನ್ ಸೆಂಟ್ರಲ್ ಅನ್ನೋ ಜಾವಾ ಲೈಬ್ರರಿಗಳ ಸಾರ್ವಜನಿಕ ಭಂಡಾರಕ್ಕೆ ಒಂದ್ಸಲ ಒಂದು ವರ್ಷನ್ ಹಾಕಿದ್ರೆ ಆಮೇಲೆ ಅದನ್ನ ಬದಲಾಯಿಸೋ ಹಂಗಿಲ್ಲ, ಪ್ರತಿ ಜಾರ್ ಪಕ್ಕದಲ್ಲೇ ಅದರ ಎಸ್‌ಎಚ್‌ಎ-1 ಇರತ್ತೆ, ಮತ್ತೆ ಆ ಎಸ್‌ಎಚ್‌ಎ-1 ಕೊಟ್ಟು ಇದು ಯಾವ ಜಾರ್ ಅಂತ ಹುಡುಕೋಕೂ ಆಗತ್ತೆ. ಅಂದ್ರೆ ಹೆಸರು ಕಳ್ಕೊಂಡಿರೋ ಒಂದು ಜಾರ್ ಸಿಕ್ತು ಅನ್ಕೊಳ್ಳಿ, ಲಿಬ್-ಓಲ್ಡ್-ಫೈನಲ್-2.ಜಾರ್ ಅಂತ ಯಾರೋ ಇಟ್ಟಿದ್ದಾರೆ, ಅದರ ಹ್ಯಾಶ್ ತೆಗೆದು ಕೇಳಿದ್ರೆ ಇದು ಅಪಾಚೆಯವರ (ಲಾಗ್4ಜೆ ಮಾಡೋ ಸಂಸ್ಥೆ) ಲಾಗ್4ಜೆ-ಕೋರ್ 2.11.0 ಅಂತ ಖಡಾಖಂಡಿತವಾಗಿ ಉತ್ತರ ಬರತ್ತೆ. ಇದು ಊಹೆ ಅಲ್ಲ, ಬೈಟ್ ಬೈಟೂ ಅದೇ. ಒಂದೊಂದ್ಸಲ ಅದೇ ಜಾರ್‌ನ ಇನ್ಯಾರೋ ಬೇರೆ ಹೆಸರಲ್ಲೂ ಅಪ್‌ಲೋಡ್ ಮಾಡಿರ್ತಾರೆ, ಆಗ ಎರಡು ಉತ್ತರ ಬರತ್ತೆ, ಅದು ಬೇರೆ ಮಾತು.

ಹಂಗಾಗಿ ಸ್ಕ್ಯಾನರ್ ಬರೆಯೋರು ಏನ್ ಮಾಡಿದ್ರು, 2.0-ಬೀಟಾ9 ಇಂದ 2.14.1ವರೆಗೆ ತೂತು ಇರೋ ಎಲ್ಲಾ ಜಾರ್‌ಗಳ ಹ್ಯಾಶ್ ಪಟ್ಟಿ ಮಾಡಿ ಡಿಸ್ಕ್ ಪೂರ್ತಿ ಜಾಲಾಡಿದ್ರು. ಹೆಸರು ಬದಲಾಗಿದ್ದವು ಸಿಕ್ಕವು. ಜಿಪ್ ಬಿಚ್ಚಿ ಬಿಚ್ಚಿ ಒಳಗೆ ಹೋಗೋ ಸ್ಕ್ಯಾನರ್‌ಗೆ ವಾರ್ ಒಳಗಿನವೂ ಸಿಕ್ಕವು. ಆದ್ರೆ ಶೇಡ್ ಮಾಡಿದ ಜಾರ್ ಸಿಗಲಿಲ್ಲ, ಯಾಕಂದ್ರೆ ಅಲ್ಲಿ ಜಾರೇ ಹೊಸದು, ಅದರ ಹ್ಯಾಶ್ ಜಗತ್ತಿನ ಯಾವ ಪಟ್ಟಿಲೂ ಇಲ್ಲ.

ಆಗ ಒಂದು ಮೆಟ್ಟಿಲು ಕೆಳಗಿಳಿದ್ರು. ಜಾರ್ ಬಿಟ್ಟು ಅದರೊಳಗಿನ ಒಂದೊಂದು ಕ್ಲಾಸ್ ಫೈಲ್‌ನ ಹ್ಯಾಶ್. ಜಾರ್ ಎಷ್ಟೇ ಕಲಸಿದ್ರೂ ಒಳಗಿನ ಕ್ಲಾಸ್ ಫೈಲ್ ಹಂಗೇ ಕಾಪಿ ಆಗಿದ್ರೆ ಅದರ ಹ್ಯಾಶ್ ಬದಲಾಗಲ್ಲ, ಹಿಡೀಬಹುದು. ಇದು ಚೆನ್ನಾಗೇ ಕೆಲಸ ಮಾಡ್ತು. ಆದ್ರೆ ಶೇಡ್ ಪ್ಲಗಿನ್‌ಗೆ ರಿಲೊಕೇಶನ್ ಅಂತ ಒಂದು ಸೌಕರ್ಯ ಇದೆ, ಆರ್ಗ್ ಅಪಾಚೆ ಅಂತಿರೋ ಪ್ಯಾಕೇಜ್ ಹೆಸರನ್ನೇ ನಮ್ಮ ಕಂಪನಿ ಹೆಸರಿಗೆ ಬದಲಾಯಿಸಿ ಬೈಟ್‌ಕೋಡ್ ಒಳಗೂ ತಿದ್ದತ್ತೆ, ಅಲ್ಲಿಗೆ ಕ್ಲಾಸ್ ಹ್ಯಾಶೂ ಹೋಯ್ತು. ತೂತು ಮಾತ್ರ ಹಂಗೇ ಇದೆ!

ಇನ್ನೊಂದು ತಮಾಷೆ. ವರ್ಷನ್ ಅಪ್‌ಗ್ರೇಡ್ ಮಾಡೋಕೆ ಆಗದೇ ಇರೋರಿಗೆ ಅಪಾಚೆಯವರೇ ಹೇಳಿದ್ದ ಉಪಾಯ ಏನಂದ್ರೆ ಜಿಪ್ ಕಮಾಂಡಲ್ಲಿ ಜಾರ್ ಒಳಗಿಂದ ತೂತಿಗೆ ಕಾರಣ ಆದ ಜೆಎನ್‌ಡಿಐಲುಕಪ್ ಅನ್ನೋ ಒಂದು ಕ್ಲಾಸ್ ಕಿತ್ತುಹಾಕಿ ಅಂತ. ಕಿತ್ತರೆ ಜಾರ್ ಸೇಫು. ಆದ್ರೆ ಹೆಸರು ನೋಡೋ ಸ್ಕ್ಯಾನರ್ 2.14.1 ಅಂತ ಓದಿ ಕೂಗಾಡತ್ತೆ, ಜಾರ್ ಹ್ಯಾಶ್ ನೋಡೋ ಸ್ಕ್ಯಾನರ್‌ಗೆ ಇದು ಯಾರೋ ಅಪರಿಚಿತ ಫೈಲು, ಗೊತ್ತಿಲ್ಲ ಅಂತ ಸುಮ್ನಾಗತ್ತೆ. ಆ ಗೊತ್ತಿಲ್ಲ ಅನ್ನೋದನ್ನ ಎಕ್ಸೆಲ್ ಶೀಟಲ್ಲಿ ತೊಂದರೆ ಇಲ್ಲ ಅಂತ ತುಂಬಿ ಕಳಿಸಿದ್ರೆ ಈ ಕೇಸಲ್ಲಿ ಸರಿಯಾಗೇ ಇರತ್ತೆ, ಶೇಡ್ ಮಾಡಿದ ಜಾರ್ ಕೇಸಲ್ಲಿ ಅದೇ ಉತ್ತರ ಮನೆ ಮುಳುಗಿಸತ್ತೆ. ಎರಡಕ್ಕೂ ಸ್ಕ್ಯಾನರ್ ಕೊಟ್ಟಿದ್ದು ಒಂದೇ ಉತ್ತರ.

ನನ್ನ ವಾದ ಇಷ್ಟೇ. ಹ್ಯಾಶ್‌ಗೆ ಉತ್ತರ ಗೊತ್ತಿರೋ ಪ್ರಶ್ನೆ ಒಂದೇ ಒಂದು: ನನ್ ಕೈಲಿರೋದು ಪಟ್ಟಿಲಿರೋ ಆ ಫೈಲೇನಾ? ಅದಕ್ಕೆ ಅದು ಕೊಡೋ ಹೌದು ಅನ್ನೋ ಉತ್ತರದಷ್ಟು ಗಟ್ಟಿ ಉತ್ತರ ಕಂಪ್ಯೂಟರ್ ಲೋಕದಲ್ಲಿ ಇನ್ನೊಂದಿಲ್ಲ. ಅಲ್ಲ ಅನ್ನೋ ಉತ್ತರಕ್ಕೆ ಮಾತ್ರ ಹೆಚ್ಚು ಬೆಲೆ ಇಲ್ಲ. ನಾವು ಎಡವೋದು ಎಲ್ಲಿ ಅಂದ್ರೆ, ಇದು ಒಳ್ಳೆ ಫೈಲಾ, ಇದರಲ್ಲಿ ತೂತಿದ್ಯಾ, ಇದನ್ನ ಯಾರು ಮಾಡಿದ್ದು ಅಂತ ಬೇರೆ ಪ್ರಶ್ನೆಗಳನ್ನೂ ಅದರ ತಲೆ ಮೇಲೇ ಹೊರಿಸ್ತೀವಿ.

ಪಟ್ಟಿ ಅಂದ್ನಲ್ಲ, ಅದರ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಎಲ್ಲರೂ ಹ್ಯಾಶ್ ಅಲ್ಗಾರಿದಮ್ ಬಗ್ಗೆ ಮಾತಾಡ್ತಾರೆ, ಪಟ್ಟಿ ಯಾರು ಮಾಡ್ತಾರೆ ಅಂತ ಯಾರೂ ಕೇಳಲ್ಲ. ಅಮೆರಿಕದ ಸ್ಟ್ಯಾಂಡರ್ಡ್ಸ್ ಸಂಸ್ಥೆ ನಿಸ್ಟ್ ಹತ್ರ ಒಂದು ಲೈಬ್ರರಿ ಇದೆ, ನ್ಯಾಷನಲ್ ಸಾಫ್ಟ್‌ವೇರ್ ರೆಫರೆನ್ಸ್ ಲೈಬ್ರರಿ ಅಂತ, ಎನ್‌ಎಸ್‌ಆರ್‌ಎಲ್ ಅಂತಾರೆ. ಮಾರ್ಕೆಟಲ್ಲಿ ಸಿಗೋ ಸಾಫ್ಟ್‌ವೇರ್‌ಗಳನ್ನ ತಂದು, ಬಿಚ್ಚಿ, ಒಳಗಿರೋ ಒಂದೊಂದು ಫೈಲ್‌ನ ಹ್ಯಾಶ್ ತೆಗೆದು ಪಟ್ಟಿ ಮಾಡಿ ಬಿಡುಗಡೆ ಮಾಡ್ತಾರೆ. ಇದು ಮುಖ್ಯವಾಗಿ ಫೊರೆನ್ಸಿಕ್‌ನೋರ (ಕಂಪ್ಯೂಟರಲ್ಲಿ ಸಾಕ್ಷಿ ಹುಡುಕೋರ) ಅನುಕೂಲಕ್ಕೆ. ಜಪ್ತಿ ಮಾಡಿದ ಲ್ಯಾಪ್‌ಟಾಪಲ್ಲಿ ಲಕ್ಷಗಟ್ಟಲೆ ಫೈಲ್ ಇರತ್ತೆ, ಅದ್ರಲ್ಲಿ ಬಹುಪಾಲು ವಿಂಡೋಸ್‌ದೋ ಆಫೀಸ್‌ದೋ ಮಾಮೂಲಿ ಫೈಲು, ಅವನ್ನೆಲ್ಲ ಪಟ್ಟಿಗೆ ತಾಳೆ ನೋಡಿ ಪಕ್ಕಕ್ಕೆ ಇಟ್ರೆ ಉಳಿದಿದ್ದು ಆ ಮನುಷ್ಯನ ಸ್ವಂತದ್ದು, ಅದನ್ನ ಮಾತ್ರ ಕೂತು ನೋಡಿದ್ರೆ ಸಾಕು.

ಇಲ್ಲೊಂದು ಸೂಕ್ಷ್ಮ ಇದೆ. ಈ ಪಟ್ಟಿಲಿ ಇರೋದೆಲ್ಲ ಒಳ್ಳೆ ಫೈಲ್ ಅಂತ ನಿಸ್ಟ್‌ನೋರು ಎಲ್ಲೂ ಹೇಳಿಲ್ಲ. ಗೊತ್ತಿರೋ ಫೈಲ್ ಅಂತ ಮಾತ್ರ ಹೇಳ್ತಾರೆ. ಹ್ಯಾಕಿಂಗ್ ಟೂಲ್‌ಗಳು, ಚಿತ್ರದ ಒಳಗೆ ಗುಟ್ಟಾಗಿ ಮೆಸೇಜ್ ಬಚ್ಚಿಡೋ ಟೂಲ್‌ಗಳು ಅದರಲ್ಲೂ ಇವೆ. ಆದ್ರೂ ಎಷ್ಟೋ ಟೂಲ್‌ಗಳಲ್ಲಿ ಈ ಪಟ್ಟಿನ ಒಳ್ಳೇವ್ರ ಪಟ್ಟಿ ಅನ್ನೋ ಹಂಗೆ ಬಳಸ್ತಾರೆ, ಹಸಿರು ಟಿಕ್ ಬೇರೆ ಹಾಕ್ತಾರೆ. ಲಕ್ಸೆಂಬರ್ಗಿನ ಸರ್ಟ್ (ಸೈಬರ್ ದಾಳಿಗೆ ಸ್ಪಂದಿಸೋ) ತಂಡ ಸರ್ಕಲ್ ಅಂತಿದೆ, ಅವರು ಎನ್‌ಎಸ್‌ಆರ್‌ಎಲ್ ಜೊತೆ ಲಿನಕ್ಸ್ ಪ್ಯಾಕೇಜ್‌ಗಳ ಹ್ಯಾಶ್‌ಗಳನ್ನೂ ಸೇರ್ಸಿ ಹ್ಯಾಶ್‌ಲುಕಪ್ ಅಂತ ಫ್ರೀ ಸರ್ವೀಸ್ ಕೊಡ್ತಾರೆ, ನನಗೆ ಇಷ್ಟ ಆಗೋದು ಅದು, ಯಾಕಂದ್ರೆ ಈ ಹ್ಯಾಶ್ ಯಾವ ಮೂಲದಿಂದ ಬಂತು ಅಂತನೂ ಹೇಳತ್ತೆ.

ನಮ್ಮಲ್ಲೂ ಹ್ಯಾಶ್ ಈಗ ಕೋರ್ಟ್ ಮೆಟ್ಟಿಲು ಹತ್ತಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಎಲೆಕ್ಟ್ರಾನಿಕ್ ಸಾಕ್ಷಿ ಜೊತೆ ಕೊಡೋ ಸರ್ಟಿಫಿಕೇಟಲ್ಲಿ ಹ್ಯಾಶ್ ಎಷ್ಟು, ಯಾವ ಅಲ್ಗಾರಿದಮ್ ಅಂತ ಬರೀಬೇಕು. ಫಾರಂನಲ್ಲಿ ಎಸ್‌ಎಚ್‌ಎ1, ಎಸ್‌ಎಚ್‌ಎ256, ಎಂಡಿ5, ಇತರೆ ಅಂತ ಟಿಕ್ ಹಾಕೋ ಜಾಗ ಇದೆ. 2023ರಲ್ಲಿ ಪಾಸ್ ಆದ ಕಾನೂನಲ್ಲಿ ಎಂಡಿ5 ಯಾಕಿಟ್ರೋ ದೇವರೇ ಬಲ್ಲ.

ಯಾಕೆ ಹಿಂಗಂತೀನಿ ಅಂದ್ರೆ ಎಂಡಿ5 ಮುರಿದು ಬಿದ್ದು ಇಪ್ಪತ್ತು ವರ್ಷ ಆಯ್ತು. 2004ರಲ್ಲೇ ಚೀನಾದ ವಾಂಗ್ ಶಿಯಾವ್‌ಯುನ್ ಮತ್ತವರ ಜೊತೆಗಾರರು ಒಂದೇ ಎಂಡಿ5 ಬರೋ ಎರಡು ಬೇರೆ ಬೇರೆ ಡೇಟಾ ತೋರಿಸಿದ್ರು. 2012ರಲ್ಲಿ ಸಿಕ್ಕ ಫ್ಲೇಮ್ ಅನ್ನೋ ಮಾಲ್‌ವೇರ್ ಇದೇ ದೌರ್ಬಲ್ಯ ಹಿಡ್ಕೊಂಡು ಮೈಕ್ರೋಸಾಫ್ಟ್‌ದೇ ಅನ್ನೋ ಹಂಗೆ ಸರ್ಟಿಫಿಕೇಟ್ ಸೃಷ್ಟಿ ಮಾಡಿತ್ತು. ಎಸ್‌ಎಚ್‌ಎ-1ಕ್ಕೆ 2017ರ ಫೆಬ್ರವರಿಲಿ ಗೂಗಲ್ ಮತ್ತೆ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಸೇರಿ ಅದೇ ಗತಿ ಕಾಣ್ಸಿದ್ರು, ಬೇರೆ ಬೇರೆ ಬಣ್ಣದ ಎರಡು ಪಿಡಿಎಫ್, ಹ್ಯಾಶ್ ಮಾತ್ರ ಒಂದೇ. ಆ ಎರಡು ಪಿಡಿಎಫ್‌ನ ಟೆಸ್ಟ್‌ಗೆ ಅಂತ ವೆಬ್‌ಕಿಟ್ ಅನ್ನೋ ಬ್ರೌಸರ್ ಎಂಜಿನ್ ಪ್ರಾಜೆಕ್ಟ್‌ನ ಎಸ್‌ವಿಎನ್ ರೆಪಾಸಿಟರಿಗೆ (ಕೋಡ್ ಇಡೋ ಉಗ್ರಾಣಕ್ಕೆ) ಹಾಕಿದ್ದೇ ತಡ ಆ ರೆಪಾಸಿಟರಿನೇ ಕೆಟ್ಟು ಕೂತಿತ್ತು, ಒಂದೇ ಹ್ಯಾಶ್ ಇದ್ರೆ ಒಂದೇ ಫೈಲ್ ಅಂತ ನಂಬ್ಕೊಂಡು ಬರೆದ ಸಾಫ್ಟ್‌ವೇರ್ ಅದು ಪಾಪ.

ಆದ್ರೆ ಇಲ್ಲಿ ಗಾಬರಿ ಆಗೋಕೆ ಮುಂಚೆ ಒಂದು ವ್ಯತ್ಯಾಸ ಗಮನಿಸಿ. ಮುರಿದಿರೋದು ಏನಂದ್ರೆ ಒಬ್ಬನೇ ಕೂತ್ಕೊಂಡು ಒಂದೇ ಹ್ಯಾಶ್ ಬರೋ ಎರಡು ಫೈಲ್ ಮಾಡೋದು. ಬೇರೆ ಯಾರೋ ಈಗಾಗ್ಲೇ ಮಾಡಿಟ್ಟಿರೋ ಫೈಲ್‌ಗೆ, ಉದಾಹರಣೆಗೆ 2.14.1 ಜಾರ್‌ಗೆ, ಸರಿಯಾಗಿ ಅದೇ ಹ್ಯಾಶ್ ಬರೋ ಇನ್ನೊಂದು ಫೈಲ್ ಮಾಡೋದು ಎಂಡಿ5ರಲ್ಲೂ ಇವತ್ತಿಗೂ ಯಾರ ಕೈಲೂ ಆಗಿಲ್ಲ. ಹಂಗಾಗಿ ಮೇವನ್ ಸೆಂಟ್ರಲ್‌ನ ಹಳೇ ಎಸ್‌ಎಚ್‌ಎ-1 ಪಟ್ಟಿ ಇಟ್ಕೊಂಡು ಹಳೇ ಜಾರ್ ಗುರುತಿಸೋದ್ರಲ್ಲಿ ಏನೂ ತಪ್ಪಿಲ್ಲ. ಅಪಾಯ ಇರೋದು ಫೈಲ್ ಮಾಡ್ದೋನೇ ಕಳ್ಳ ಆದಾಗ. ಒಳ್ಳೇದೊಂದು ಕೆಟ್ಟದ್ದೊಂದು ಅವಳಿ ಮಾಡಿ, ಒಳ್ಳೇದನ್ನ ತೋರಿಸಿ ಪಟ್ಟಿಗೆ ಸೇರ್ಸಿ, ಕೆಟ್ಟದ್ದನ್ನ ಸಾಗಿಸ್ತಾನೆ. ಹೊಸದಾಗಿ ಪಟ್ಟಿ ಮಾಡೋರು ಎಸ್‌ಎಚ್‌ಎ-256 ಹಾಕ್ಬಿಡಿ, ವಾದ ಮಾಡೋ ಅಗತ್ಯನೇ ಇರಲ್ಲ. ಎಸ್‌ಎಚ್‌ಎ-1ನ 2030ರ ಕೊನೆ ಒಳಗೆ ಪೂರ್ತಿ ಬಿಟ್ಬಿಡಿ ಅಂತ ನಿಸ್ಟ್ ಕೂಡ ಹೇಳಿದೆ.

ಕ್ರಿಪ್ಟೊ ಮುರಿಯೋದು ನೋಡೋಕೆ ರೋಚಕ, ನಿಜವಾದ ತಲೆನೋವು ಇದಕ್ಕೆ ಉಲ್ಟಾ: ಒಳಗಿನ ಸರಕು ಒಂದೇ, ಹ್ಯಾಶ್ ಬೇರೆ. 2023ರ ಜನವರಿ 30ರಂದು ಗಿಟ್‌ಹಬ್‌ನೋರು (ಜಗತ್ತಿನ ಕೋಡ್ ಇಟ್ಕೊಳ್ಳೋ ತಾಣ) ತಮ್ಮ ಒಳಗಿನ ಗಿಟ್, ಅಂದ್ರೆ ಕೋಡ್‌ನ ಬದಲಾವಣೆಗಳ ಲೆಕ್ಕ ಇಡೋ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದ್ರು. ಹೊಸ ಗಿಟ್ ಸೋರ್ಸ್ ಆರ್ಕೈವ್ ಮಾಡುವಾಗ ಹೊರಗಿನ ಜಿಜಿಪ್ ಪ್ರೋಗ್ರಾಂ ಬಿಟ್ಟು ತನ್ನೊಳಗಿನ ಲೈಬ್ರರಿಲೇ ಕಂಪ್ರೆಸ್ ಮಾಡೋಕೆ ಶುರುಮಾಡಿತ್ತು, ಅಷ್ಟೇ ವ್ಯತ್ಯಾಸ. ಬಿಚ್ಚಿ ನೋಡಿದ್ರೆ ಒಂದಕ್ಷರನೂ ಬದಲಾಗಿಲ್ಲ, ಆದ್ರೆ ಕಂಪ್ರೆಸ್ ಆದ ಬೈಟ್‌ಗಳು ಬೇರೆ, ಹಂಗಾಗಿ ಟಾರ್ ಫೈಲ್‌ನ (ಆ ಆರ್ಕೈವ್‌ನ) ಹ್ಯಾಶ್ ಬೇರೆ. ಬೇಜಲ್ ಥರದ ಬಿಲ್ಡ್ (ಸೋರ್ಸ್ ಕೋಡಿಂದ ಓಡೋ ಪ್ರೋಗ್ರಾಂ ತಯಾರಿಸೋ) ಸಿಸ್ಟಂಗಳಲ್ಲಿ ಈ ಹ್ಯಾಶ್‌ಗಳನ್ನ ಮೊದಲೇ ಬರ್ದಿಟ್ಟಿರ್ತಾರಲ್ಲ, ಅವೆಲ್ಲ ಒಂದೇ ಸಲಕ್ಕೆ ಇದು ನಮ್ಮ ಫೈಲ್ ಅಲ್ಲ ಅಂತ ಬಿಲ್ಡ್ ನಿಲ್ಸಿಬಿಟ್ವು. ಗಲಾಟೆ ಜೋರಾಗಿ ಗಿಟ್‌ಹಬ್ ಬದಲಾವಣೆ ವಾಪಸ್ ತಗೋಬೇಕಾಯ್ತು. ಗಿಟ್‌ಹಬ್‌ನ ಪೂರ್ತಿ ದೂರೋಕಾಗಲ್ಲ, ತಾನಾಗೇ ತಯಾರಾಗೋ ಆರ್ಕೈವ್‌ನ ಬೈಟ್‌ಗಳು ಯಾವತ್ತೂ ಹಿಂಗೇ ಇರತ್ತೆ ಅಂತ ಅಲ್ಲಿವರೆಗೂ ಗಟ್ಟಿ ಮಾತು ಕೊಟ್ಟಿರ್ಲಿಲ್ಲ, ಜನ ತಾವೇ ನಂಬ್ಕೊಂಡಿದ್ರು.

ಬಿಲ್ಡ್ ಮಾಡಿದ ಫೈಲ್‌ದೂ ಇದೇ ಗೋಳು. ಒಂದೇ ಸೋರ್ಸ್ ಕೋಡ್ ಇವತ್ತೊಂದ್ಸಲ ನಾಳೆ ಒಂದ್ಸಲ ಬಿಲ್ಡ್ ಮಾಡಿದ್ರೆ ಜಾರ್ ಒಳಗಿನ ಟೈಮ್‌ಸ್ಟ್ಯಾಂಪ್ ಬೇರೆ, ಒಂದೊಂದ್ಸಲ ಫೈಲ್‌ಗಳ ಆರ್ಡರ್ ಬೇರೆ, ಬಿಲ್ಡ್ ಮಾಡಿದ ಮಷೀನಿನ ಪಾತ್ ಬೇರೆ, ಹ್ಯಾಶ್ ಬೇರೆ. ಇದನ್ನ ಸರಿಮಾಡೋಕೆ ಅಂತ ಡೆಬಿಯನ್ ಅನ್ನೋ ಲಿನಕ್ಸ್ ಮಾಡೋರು 2013ರಿಂದ ರಿಪ್ರೊಡ್ಯೂಸಿಬಲ್ ಬಿಲ್ಡ್ಸ್ ಅಂತ ಹಟ ಹಿಡಿದು ಕೆಲಸ ಮಾಡ್ತಿದ್ದಾರೆ, ಯಾರು ಯಾವಾಗ ಎಲ್ಲಿ ಬಿಲ್ಡ್ ಮಾಡಿದ್ರೂ ಬೈಟ್ ಬೈಟೂ ಅದೇ ಬರ್ಬೇಕು ಅಂತ. ಬೋರ್ ಹೊಡ್ಸೋ ಕೆಲಸ, ಯಾರೂ ಚಪ್ಪಾಳೆ ತಟ್ಟಲ್ಲ, ಆದ್ರೆ ಈ ಕ್ಷೇತ್ರದಲ್ಲಿ ಹತ್ತು ವರ್ಷದಲ್ಲಿ ನಡೆದ ಕೆಲಸಗಳಲ್ಲಿ ಇದಕ್ಕೆ ನಾನು ಮೊದಲ ಸ್ಥಾನ ಕೊಡ್ತೀನಿ. ಯಾಕೆ ಅಂತ ಎಕ್ಸ್‌ಝಡ್ ಕಥೆ ಕೇಳಿದ್ರೆ ಗೊತ್ತಾಗತ್ತೆ.

2024ರ ಮಾರ್ಚ್ 29. ಆಂಡ್ರೆಸ್ ಫ್ರೊಯ್ಂಡ್ ಅಂತ ಮೈಕ್ರೋಸಾಫ್ಟಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೆಲಸ ಮಾಡೋ ಎಂಜಿನಿಯರು, ಎಸ್‌ಎಸ್‌ಎಚ್ ಲಾಗಿನ್ (ದೂರದ ಸರ್ವರ್‌ಗೆ ಹೋಗೋ ದಾರಿ) ಸುಮಾರು ಅರ್ಧ ಸೆಕೆಂಡ್ ಜಾಸ್ತಿ ತಗೋತಿದೆ ಅಂತ ಕೆದಕ್ತಾ ಹೋಗಿ ಫೈಲ್ ಕಂಪ್ರೆಸ್ ಮಾಡೋ ಎಕ್ಸ್‌ಝಡ್ ಯುಟಿಲ್ಸ್ 5.6.0 ಮತ್ತೆ 5.6.1ರಲ್ಲಿ ಹಿಂಬಾಗಿಲು ಇದೆ ಅಂತ ಬಯಲಿಗೆ ತಂದ್ರು. ಅದನ್ನ ಇಟ್ಟಿದ್ದು ಹೊರಗಿನ ಕಳ್ಳ ಅಲ್ಲ, ಜಿಯಾ ಟಾನ್ ಅನ್ನೋ ಹೆಸರಲ್ಲಿ ವರ್ಷಗಟ್ಟಲೆ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿ ಮೇಂಟೇನರ್ (ಪ್ರಾಜೆಕ್ಟ್ ನೋಡ್ಕೊಳ್ಳೋರು) ಆಗಿದ್ದವರು. ಬೇಲಿನೇ ಎದ್ದು ಹೊಲ ಮೇಯೋದು ಅಂದ್ರೆ ಇದೇ. ಹ್ಯಾಶ್ ದೃಷ್ಟಿಯಿಂದ ನೋಡಿದ್ರೆ ಇಲ್ಲಿ ಎಲ್ಲಾ ಸರಿಯಾಗೇ ಇತ್ತು. ಬಿಡುಗಡೆ ಮಾಡಿದ ಟಾರ್ ಫೈಲ್‌ನ ಹ್ಯಾಶ್ ಎಲ್ಲಾ ಕಡೆ ಒಂದೇ, ಸಹಿ ಸರಿಯಾಗಿದೆ, ಯಾವ ಮಿರರಿಂದ (ಅದೇ ಫೈಲ್‌ಗಳ ನಕಲು ಇಟ್ಟಿರೋ ಸರ್ವರಿಂದ) ಇಳಿಸ್ಕೊಂಡ್ರೂ ತಾಳೆ ಆಗತ್ತೆ. ಎಲ್ಲರೂ ಒಂದೇ ವಿಷ ಕುಡಿದ್ರು ಅಂತ ಹ್ಯಾಶ್ ಗ್ಯಾರಂಟಿ ಕೊಟ್ಟಿತ್ತು.

ಆದ್ರೆ ಒಂದು ಬಿರುಕು ಇತ್ತು ನೋಡಿ. ಹಿಂಬಾಗಿಲು ತೆರೆಯೋ ಕೀಲಿ, ಬಿಲ್ಡ್-ಟು-ಹೋಸ್ಟ್.ಎಂ4 ಅನ್ನೋ ಫೈಲಿನ ಆ ತಿದ್ದಿದ ರೂಪ, ಬಿಡುಗಡೆಯ ಟಾರ್‌ನಲ್ಲಿ ಮಾತ್ರ ಇತ್ತು, ಗಿಟ್ ರೆಪಾಸಿಟರಿಲಿ ಇರ್ಲಿಲ್ಲ. ಟಾರ್ ಒಳಗಿನ ಒಂದೊಂದು ಫೈಲ್‌ನ ಹ್ಯಾಶ್‌ನ ಗಿಟ್‌ನಲ್ಲಿರೋ ಫೈಲ್‌ಗಳ ಹ್ಯಾಶ್ ಜೊತೆ ಯಾರಾದ್ರೂ ತಾಳೆ ನೋಡಿದ್ದಿದ್ರೆ ಈ ಒಂದು ಸಾಲು ಎದ್ದು ಕಾಣ್ತಿತ್ತು. ಆದ್ರೆ ಟಾರ್‌ನಲ್ಲಿ ಗಿಟ್‌ನಲ್ಲಿಲ್ಲದ ಫೈಲ್‌ಗಳು ಹತ್ತಾರು ಇರೋದು ಆ ಕಾಲದಿಂದ ಬಂದ ರೂಢಿ, ಕಾನ್ಫಿಗರ್ ಸ್ಕ್ರಿಪ್ಟ್ ಅದೂ ಇದೂ ಅಂತ, ಹಂಗಾಗಿ ವ್ಯತ್ಯಾಸ ಕಂಡ್ರೂ ಯಾರೂ ತಲೆ ಕೆಡಿಸ್ಕೋತಿರ್ಲಿಲ್ಲ. ಕಳ್ಳನಿಗೆ ಇದು ಗೊತ್ತಿತ್ತು.

ವಿಷಯ ಹೊರಗೆ ಬಂದ ಮೇಲೆ ಹ್ಯಾಶ್ ಮತ್ತೆ ಉಪಯೋಗಕ್ಕೆ ಬಂತು, ಯಾಕಂದ್ರೆ ಈಗ ಪ್ರಶ್ನೆ ಬದಲಾಗಿತ್ತು: ನಮ್ಮ ಯಾವ ಮಷೀನಲ್ಲಿ ಆ ಫೈಲ್ ಇದೆ? ಮಾತ್ರೆ ಸ್ಟ್ರಿಪ್ ಹಿಂದಿನ ಬ್ಯಾಚ್ ನಂಬರ್ ಇದ್ದಂಗೆ, ಮಾತ್ರೆ ಒಳ್ಳೇದಾ ಅಂತ ಅದು ಹೇಳಲ್ಲ, ವಾಪಸ್ ತರಿಸ್ಕೊಳ್ಳೋ ದಿನ ಯಾವ ಸ್ಟ್ರಿಪ್ ಅಂತ ಹೇಳತ್ತೆ. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಸಾಫ್ಟ್‌ವೇರ್‌ನ ಒಂದು ಮಿರರ್ ಹ್ಯಾಕ್ ಆಗಿ ಮ್ಯಾಕ್ ಫೈಲ್ ಬದಲಾಗಿತ್ತು, ಮೇ 2ರಿಂದ 6ರ ಮಧ್ಯ ಇಳಿಸ್ಕೊಂಡೋರಿಗೆ ಫಿಫ್ಟಿ-ಫಿಫ್ಟಿ ಚಾನ್ಸ್ ಅಂತ ಪ್ರಾಜೆಕ್ಟ್‌ನೋರೇ ಹೇಳಿ, ಕೆಟ್ಟ ಫೈಲ್‌ನ ಹ್ಯಾಶ್ ಪ್ರಕಟಿಸಿದ್ರು. ಡೌನ್‌ಲೋಡ್ಸ್ ಫೋಲ್ಡರಲ್ಲಿ ಫೈಲ್ ಇನ್ನೂ ಇದ್ದೋರಿಗೆ ಒಂದು ನಿಮಿಷದಲ್ಲಿ ಉತ್ತರ ಸಿಕ್ತು. ಇನ್‌ಸ್ಟಾಲ್ ಆದ ತಕ್ಷಣ ಇಳಿಸ್ಕೊಂಡ ಡಿಎಂಜಿ ಫೈಲ್ ಡಿಲೀಟ್ ಮಾಡೋ ನೀಟ್ ಜನಕ್ಕೆ ಅಷ್ಟು ಸುಲಭಕ್ಕೆ ಸಿಗಲಿಲ್ಲ.

ಹ್ಯಾಶ್ ಎಲ್ಲಿಂದ ಸಿಕ್ತು ಅನ್ನೋದೂ ಅಷ್ಟೇ ಮುಖ್ಯ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್ ವೆಬ್‌ಸೈಟ್‌ಗೆ ನುಗ್ಗಿದ ಹ್ಯಾಕರ್ 17.3 ಸಿನಮನ್ ಐಎಸ್‌ಒ (ಇನ್‌ಸ್ಟಾಲ್ ಮಾಡೋ ಡಿಸ್ಕ್ ಫೈಲ್) ಲಿಂಕ್‌ನ ತನ್ನ ಬ್ಯಾಕ್‌ಡೋರ್ ಇರೋ ಐಎಸ್‌ಒಗೆ ತಿರುಗಿಸಿದ್ದ. ಲಿಂಕ್ ಬದಲಾಯಿಸೋಕೆ ಆಗೋನಿಗೆ ಅದೇ ಸೈಟಲ್ಲಿರೋ ಚೆಕ್‌ಸಮ್ (ಪ್ರಕಟಿಸಿದ ಹ್ಯಾಶ್) ಬದಲಾಯಿಸೋದು ದೊಡ್ಡ ಮಾತಾ? ಡೌನ್‌ಲೋಡ್ ಬಟನ್ ಪಕ್ಕದಲ್ಲೇ ಹ್ಯಾಶ್ ಹಾಕೋದು ಡೌನ್‌ಲೋಡ್ ಅರ್ಧಕ್ಕೆ ಕೆಟ್ಟಿದ್ಯಾ ಅಂತ ನೋಡೋಕೆ ಸಾಕು, ಕಳ್ಳನ್ನ ಹಿಡಿಯೋಕೆ ಸಾಲದು. ಡೆಬಿಯನ್‌ನಲ್ಲಿ ಇದನ್ನ ಸರಿಯಾಗಿ ಮಾಡಿದ್ದಾರೆ: ರಿಲೀಸ್ ಫೈಲ್‌ಗೆ ಜಿಪಿಜಿ ಅನ್ನೋ ಡಿಜಿಟಲ್ ಸಹಿ, ಆ ಫೈಲ್ ಒಳಗೆ ಪ್ಯಾಕೇಜ್ ಪಟ್ಟಿಯ ಹ್ಯಾಶ್, ಆ ಪಟ್ಟಿ ಒಳಗೆ ಒಂದೊಂದು ಡೆಬ್ ಫೈಲ್‌ನ ಹ್ಯಾಶ್, ಮಿರರ್ ಯಾರದ್ದಾದ್ರೂ ಆಗಿರ್ಲಿ ಚಿಂತೆ ಇಲ್ಲ. ಗೋ ಭಾಷೆಯೋರು 2019ರಲ್ಲಿ ಇನ್ನೂ ಮುಂದೆ ಹೋದ್ರು, ಪ್ರತಿ ಮಾಡ್ಯೂಲ್ ವರ್ಷನ್‌ನ ಹ್ಯಾಶ್‌ನ ಸೇರಿಸ್ಬಹುದು ಆದ್ರೆ ಅಳಿಸೋಕೆ ಆಗದ ಒಂದು ಸಾರ್ವಜನಿಕ ದಾಖಲೆಲಿ ಹಾಕ್ತಾರೆ, ನನಗೊಂದು ಫೈಲ್ ನಿಮಗೊಂದು ಫೈಲ್ ಕೊಡೋ ಆಟ ಅಲ್ಲಿ ನಡೆಯಲ್ಲ.

ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರ) ಬಳಸೋರಿಗೆ ಯಾವ ಪ್ಯಾಕೇಜ್‌ನ ಯಾವ ವರ್ಷನ್ ಅಂತ ಬರೆದಿಡೋ ಪ್ಯಾಕೇಜ್-ಲಾಕ್ ಫೈಲಲ್ಲಿ ಇಂಟೆಗ್ರಿಟಿ ಅಂತ ಒಂದು ಸಾಲು ಇರತ್ತಲ್ಲ, ಎಸ್‌ಎಚ್‌ಎ512 ಅಂತ ಶುರುವಾಗೋದು, ಅದನ್ನ ಹೆಚ್ಚಿನೋರು ಮರ್ಜ್ ಕಾನ್‌ಫ್ಲಿಕ್ಟ್ ಮಾಡೋ ಕಸ ಅಂತಲೇ ನೋಡೋದು. 2025ರ ಸೆಪ್ಟೆಂಬರ್ 8ರಂದು ಚಾಕ್, ಡಿಬಗ್ ಸೇರಿ 18 ಪ್ಯಾಕೇಜ್‌ಗಳ ಮೇಂಟೇನರ್ ಒಂದು ಫಿಶಿಂಗ್ ಮೇಲ್‌ಗೆ ಬಿದ್ದು, ವಾರಕ್ಕೆ ಒಟ್ಟು 200 ಕೋಟಿಗೂ ಜಾಸ್ತಿ ಸಲ ಡೌನ್‌ಲೋಡ್ ಆಗೋ ಆ ಪ್ಯಾಕೇಜ್‌ಗಳಲ್ಲಿ ಕ್ರಿಪ್ಟೊ ವ್ಯಾಲೆಟ್ ವಿಳಾಸ ಬದಲಾಯಿಸೋ ಕೋಡ್ ಸೇರಿತ್ತು. ಲಾಕ್ ಫೈಲ್ ಕಮಿಟ್ ಮಾಡಿ, ತಾನಾಗೇ ಬಿಲ್ಡ್ ಮಾಡೋ ಸಿಐ ಸರ್ವರಲ್ಲಿ, ಲಾಕ್ ಫೈಲಲ್ಲಿರೋದನ್ನೇ ತರೋ ಎನ್‌ಪಿಎಂ ಸಿಐ ಕಮಾಂಡ್ ಓಡಿಸೋ ಟೀಮ್‌ಗಳು ಹಳೇ ವರ್ಷನ್ನೇ ಹಳೇ ಹ್ಯಾಶ್ ಜೊತೆ ತಗೊಂಡ್ವು, ಅವರಿಗೆ ಏನೂ ಆಗ್ಲಿಲ್ಲ. ಅದೇ ಹೊತ್ತಲ್ಲಿ ಲಾಕ್ ಇಲ್ದೆ ಇನ್‌ಸ್ಟಾಲ್ ಹೊಡೆದೋರಿಗೆ ಹೊಸದು ಬಂತು. ಹೊಸದಕ್ಕೂ ಸರಿಯಾದ ಹ್ಯಾಶ್ ಇತ್ತು ಅನ್ನೋದನ್ನ ಮರೀಬೇಡಿ, ರಿಜಿಸ್ಟ್ರಿ ಪ್ರಕಾರ ಅದೂ ಅಸಲಿ ಫೈಲೇ.

ಈಗ ಇದೆಲ್ಲ ಯಾಕೆ ಮುಖ್ಯ ಅಂದ್ರೆ ಎಸ್‌ಬಾಮ್ (ಸಾಫ್ಟ್‌ವೇರ್ ಬಿಲ್ ಆಫ್ ಮೆಟೀರಿಯಲ್ಸ್) ಬಂದಿದೆ. ಸಾಫ್ಟ್‌ವೇರ್ ಒಳಗೆ ಏನೇನಿದೆ ಅಂತ ಪಟ್ಟಿ ಕೊಡ್ಬೇಕು ಅನ್ನೋ ನಿಯಮ. ಅಮೆರಿಕದಲ್ಲಿ 2021ರ ಮೇ ತಿಂಗಳ ಅಧ್ಯಕ್ಷರ ಆದೇಶದಿಂದ ಶುರು, ನಮ್ಮಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರಲ್ಲಿ ಗೈಡ್‌ಲೈನ್ ತಂದು 2025ರ ಜುಲೈಲಿ ಅದರ ಎರಡನೇ ಆವೃತ್ತಿ ಬಿಟ್ಟಿದೆ, ಸೆಬಿ ತನ್ನ 2024ರ ಸೈಬರ್ ಚೌಕಟ್ಟಲ್ಲಿ ಬ್ರೋಕರ್, ಎಕ್ಸ್‌ಚೇಂಜ್ ಥರದೋರಿಂದ ಎಸ್‌ಬಾಮ್ ಕೇಳತ್ತೆ. 2021ರ ಜುಲೈಲಿ ಅಮೆರಿಕದೋರು ಕನಿಷ್ಠ ಇಷ್ಟು ಇರ್ಬೇಕು ಅಂತ ಏಳು ಅಂಶ ಪಟ್ಟಿ ಮಾಡಿದ್ರಲ್ಲ, ಅದರಲ್ಲಿ ಹ್ಯಾಶ್ ಇರ್ಲಿಲ್ಲ! ಸಪ್ಲೈಯರ್ ಹೆಸರು, ಕಾಂಪೊನೆಂಟ್ ಹೆಸರು, ವರ್ಷನ್ ಹಿಂಗೆ. ಅಂದ್ರೆ ಅದೇ ವರ್ಷದ ಕೊನೇಲಿ, ಲಾಗ್4ಜೆ ದಿನಗಳಲ್ಲಿ, ಕೈಕೊಡೋದಿದ್ದು ಯಾವುದೋ ಅದನ್ನೇ ಕಡ್ಡಾಯ ಮಾಡಿದ್ರು. ಸರ್ಟ್-ಇನ್ ಪಟ್ಟಿಲಿ ಮೊದಲಿಂದಲೇ ಚೆಕ್‌ಸಮ್ ಇದೆ, ಈ ವಿಷಯದಲ್ಲಿ ನಮ್ಮೋರು ಮುಂದೆ ಅಂತ ಹೇಳ್ಲೇಬೇಕು. 2025ರ ಆಗಸ್ಟಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಬಿಟ್ಟ ಹೊಸ ಕರಡಲ್ಲಿ ಕೊನೆಗೂ ಕಾಂಪೊನೆಂಟ್ ಹ್ಯಾಶ್ ಸೇರಿದೆ.

ಕಾಲಂ ಇದ್ರೆ ಸಾಕಾ? ಸಾಕಾಗಲ್ಲ. ಸಾಮಾನ್ಯವಾಗಿ ನಡೆಯೋದು ಏನಂದ್ರೆ ಟೂಲ್‌ಗೆ ಪಾಮ್ ಫೈಲೋ (ಮೇವನ್‌ಗೆ ಯಾವ ಲೈಬ್ರರಿ ಬೇಕು ಅಂತ ಹೇಳೋ ಪಟ್ಟಿ) ಪ್ಯಾಕೇಜ್-ಲಾಕೋ ತೋರಿಸ್ತಾರೆ, ಅದು ಅಲ್ಲಿರೋ ಹೆಸರು ವರ್ಷನ್ ಓದಿ, ರಿಜಿಸ್ಟ್ರಿಲಿರೋ ಹ್ಯಾಶ್ ತಂದು ತುಂಬಿ, ಚೆಂದದ ಜೇಸನ್ ಫೈಲ್ ಕೊಡತ್ತೆ, ಆಡಿಟರ್ ಖುಷಿ. ಆದ್ರೆ ಕ್ಲೈಂಟ್‌ಗೆ ಹೋಗಿರೋದು ಶೇಡ್ ಆದ, ಮಿನಿಫೈ ಆದ, ಕಂಟೇನರ್ ಇಮೇಜ್ (ಪ್ರೋಗ್ರಾಂ ಜೊತೆ ಅದಕ್ಕೆ ಬೇಕಾದ್ದೆಲ್ಲ ಸೇರ್ಸಿದ ಕಟ್ಟು) ಒಳಗೆ ಕೂತಿರೋ ಸರಕು, ಆ ಎಸ್‌ಬಾಮಲ್ಲಿರೋ ಒಂದು ಹ್ಯಾಶೂ ಆ ಡಿಸ್ಕ್ ಮೇಲೆ ಇರಲ್ಲ. ತಾಳೆ ನೋಡೋಕೆ ಅಂತ ಕೊಟ್ಟಿರೋ ನಂಬರ್ ಯಾವುದಕ್ಕೂ ತಾಳೆ ಆಗದೇ ಇದ್ರೆ ಅದು ಬರೀ ಅಲಂಕಾರ. ಸಪ್ಲೈಯರ್‌ನ ಕೇಳ್ಬೇಕಾದ ಪ್ರಶ್ನೆ, ಈ ಹ್ಯಾಶ್ ಯಾವ ಫೈಲ್‌ದು, ಬಿಲ್ಡ್‌ಗೆ ಹೋದ ಫೈಲ್‌ದಾ ಬಿಲ್ಡಿಂದ ಹೊರಬಂದ ಫೈಲ್‌ದಾ ಅಂತ. ಸರಿಯಾದ ಉತ್ತರ ಎರಡೂ: ಒಳಗೆ ಹೋದ ಜಾರ್ ಇದು, ಹೊರಬಂದ ಜಾರ್ ಇದು, ಇದರಿಂದ ಅದು ಆಯ್ತು ಅಂತ ಬಿಲ್ಡ್ ಮಷೀನೇ ದಾಖಲಿಸಿ ಸಹಿ ಹಾಕಿದ್ರೆ ಆಗ ಶೇಡ್ ಮಾಡಿದ ಜಾರ್ ಅಪರಿಚಿತ ಫೈಲಾಗಿ ಉಳಿಯಲ್ಲ, ಅದರ ಹ್ಯಾಶ್ ಕೊಟ್ರೆ ಒಳಗೆ 2.14.1 ಇದೆ ಅಂತ ಗೊತ್ತಾಗತ್ತೆ.

ಕಂಟೇನರ್‌ನೋರಿಗೆ ಇದು ಸ್ವಲ್ಪ ಸುಲಭ, ಇಮೇಜ್‌ಗೆ ಡೈಜೆಸ್ಟ್ ಅಂತ ಎಸ್‌ಎಚ್‌ಎ256 ಹುಟ್ಟಿನಿಂದಲೇ ಇರತ್ತೆ. ಆದ್ರೂ ಡಿಪ್ಲಾಯ್‌ಮೆಂಟ್ ಫೈಲ್ ತೆಗೆದು ನೋಡಿದ್ರೆ ಲೇಟೆಸ್ಟ್ ಅಂತ ಟ್ಯಾಗ್ ಬರ್ದಿರ್ತಾರೆ, ಇವತ್ತಿನ ಲೇಟೆಸ್ಟ್ ನಾಳೆ ಲೇಟೆಸ್ಟ್ ಅಲ್ಲ.

ಇನ್ನು ದಿನಾ ಕಾಡೋ ಒಂದು ಗೋಳಿದೆ, ಹ್ಯಾಶ್‌ನ ಸರಿಯಾಗಿ ಬಳಸಿದ್ರೆ ನಾಳೆನೇ ಕಮ್ಮಿ ಆಗೋ ಅಂಥದ್ದು. ಡೆಬಿಯನ್, ರೆಡ್‌ಹ್ಯಾಟ್ ಥರದೋರು ತೂತು ಮುಚ್ಚುವಾಗ ಸಾಮಾನ್ಯವಾಗಿ ಹೊಸ ವರ್ಷನ್ ತರಲ್ಲ, ಹಳೇ ವರ್ಷನ್‌ಗೇ ತೇಪೆ ಹಾಕ್ತಾರೆ, ಓಪನ್‌ಎಸ್‌ಎಸ್‌ಎಲ್ 1.1.1ಎನ್ ಅಂತ ಹೆಸರು ಹಂಗೇ ಇರತ್ತೆ, ಕೊನೇಲಿ ಡೆಬ್11ಯು5 ಅಂತ ಬಾಲ ಮಾತ್ರ ಬದಲಾಗತ್ತೆ. ಬರೀ ವರ್ಷನ್ ಓದೋ ಸ್ಕ್ಯಾನರ್ ಬಾಲ ನೋಡಲ್ಲ, ಹಳೇದು ಹಳೇದು ಅಂತ ಕೆಂಪು ಬಣ್ಣ ಬಳಿಯತ್ತೆ, ಇಲ್ಲಿ ಕೂತಿರೋ ಇಬ್ಬರು ಹುಡುಗರು ಇದು ಫಾಲ್ಸ್ ಪಾಸಿಟಿವ್ ಅಂತ ಪ್ರತಿ ತಿಂಗಳೂ ಅದೇ ವಿವರಣೆ ಕಾಪಿ ಪೇಸ್ಟ್ ಮಾಡ್ತಾ ಕೂರ್ತಾರೆ. ತೇಪೆ ಹಾಕಿದ ಡೆಬ್ ಫೈಲ್‌ನ ಎಸ್‌ಎಚ್‌ಎ-256 ಡೆಬಿಯನ್‌ನ ಸಹಿ ಇರೋ ಪಟ್ಟಿಲೇ ಇದೆ, ಯಾವ ಪ್ಯಾಕೇಜ್‌ನ ಯಾವ ಬಾಲದ ವರ್ಷನಲ್ಲಿ ಯಾವ ಸಿವಿಇ ಸರಿ ಆಗಿದೆ ಅಂತ ಅವರ ಸೆಕ್ಯೂರಿಟಿ ಟ್ರ್ಯಾಕರಲ್ಲಿ ಇದೆ. ಎರಡನ್ನೂ ಜೋಡಿಸಿ ನೋಡೋ ಸ್ಕ್ಯಾನರ್ ತಗೊಂಡ್ರೆ ಆ ಇಬ್ಬರು ಹುಡುಗರಿಗೆ ಬೇರೆ ಕೆಲಸ ಕೊಡ್ಬಹುದು.